ಬೈಸಿಕೊಳ್ಳಲೆಂದೇ ಬರುವ ಅಕ್ಕ

"ಏನಜ್ಜೀ, ಇನ್ನೂ ಎದ್ದಿಲ್ವಾ? ಸೂರ್ಯ ನೆತ್ತಿಗೆ ಬಂದ!"

ಸೂರ್ಯ ಇನ್ನೂ ಹುಟ್ಟೇ ಇಲ್ಲ. ಆದರೂ ಮಾಸ್ಕ್ ಕಟ್ಟಿಕೊಂಡ ಅಕ್ಕ ಓಣಿಯ ಬಾಗಿಲು ಬಾಗಿಲಿಗೂ ಹೋಗಿ ಕಾಲು ಕೆರೆದು ಜಗಳ ತೆಗೆಯುತ್ತಿದ್ದಾರೆ. ಒಳಗಿನಿಂದ ಬೈಗುಳ ಬಂದರೆ ಹಾಲು ಕುಡಿದಷ್ಟು ಸಂತೋಷ. ಆದರೆ ಈ ಕೊನೆಯ ಮನೆಯಿಂದ ಉತ್ತರವಿಲ್ಲ. ಅಜ್ಜಿ ಆಸ್ಪತ್ರೆಯಿಂದ ಬಂದದ್ದು ನಿನ್ನೆಯಷ್ಟೇ.

ಅಕ್ಕನ ಕೆಲಸ ಆಸ್ಪತ್ರೆಯ ಚಾದರ ಒಗೆಯುವುದು. ಓಣಿ ಇಟ್ಟ ಹೆಸರು 'ಜಗಳಗಂಟಿ'. ತಲೆಮಾರಿನ ಹಿಂದೆ ಗುಡ್ಡದಾಚೆಯಿಂದ ಬಂದವರ ಓಣಿಯಿದು. ಇಲ್ಲಿಯವರ ಮಾತು ಬೇರೆ, ಚಹರೆ ಬೇರೆ. ಸಾಂಕ್ರಾಮಿಕ ಊರಿಗೆಲ್ಲ ಒಂದೇ, ಸಾವು ಮಾತ್ರ ಇಲ್ಲೇ ಹೆಚ್ಚು. ಒಂದು ಕೋಣೆಯಲ್ಲಿ ಇಡೀ ಸಂಸಾರ, ಮನೆಯಲ್ಲಿ ಕೂತು ಮಾಡಲಾಗದ ಕೂಲಿ, ಆಸ್ಪತ್ರೆಯ ಫೋನು ಮಾತಾಡುವುದು ಪರಭಾಷೆ. ಸಾಲದ್ದಕ್ಕೆ ಓಣಿಯದೊಂದು ರೂಢಿ: ಯಾರೇ ಕೇಳಲಿ, "ಚೆನ್ನಾಗಿದ್ದೀನಿ" ಅನ್ನಬೇಕು. ನರಳುವುದು ಮರ್ಯಾದೆಗೇಡು.

"ನಮ್ಮ ಭಾವನೂ ಫೋನಲ್ಲಿ ಡಾಕ್ಟ್ರಿಗೆ ಹಾಗೇ ಅಂದ್ರು. ಸಾಯಂಕಾಲ ಹೋಗೇಬಿಟ್ರು" ಎಂದು ಅಕ್ಕ, ಓಣಿ ನೋಡಲು ಜೊತೆಗೆ ಬಂದವರಿಗೆ ಹೇಳುತ್ತಾರೆ. ಮರುಕ್ಷಣ ಕಣ್ಣಲ್ಲಿ ತುಂಟತನ. "ಹೇಗಿದ್ದೀರಿ ಅಂದ್ರೆ ಸುಳ್ಳು ಹೇಳ್ತಾರೆ. ಬೈಗುಳದಲ್ಲಿ ಸುಳ್ಳಿಲ್ಲ ನೋಡಿ. ಉಸಿರಿದ್ದೋರು ತಾನೇ ಉದ್ದಕ್ಕೆ ಬೈಯೋದು?"

ಬೈಗುಳದಲ್ಲಿ ಓಣಿಗೇ ಎತ್ತಿದ ಕೈ ಈ ಅಜ್ಜಿ. ಆದರೆ ಕೆಲವು ವಾರದ ಹಿಂದೆ ಒಂದು ಬೆಳಗ್ಗೆ ಬಾಗಿಲು ಬಡಿದರೆ, ಮೆತ್ತಗೆ "ಚೆನ್ನಾಗಿದ್ದೀನಿ ಮಗಳೇ" ಅಂದುಬಿಟ್ಟರು. ಅಷ್ಟು ಸಾಕಿತ್ತು, ಅಕ್ಕ ತರಕಾರಿ ಮಾರುವವನ ತಳ್ಳುಗಾಡಿ ಕಸಿದು, ಅಜ್ಜಿಯನ್ನು ಮಲಗಿಸಿಕೊಂಡು ಓಡಿದರು. ಆಸ್ಪತ್ರೆ ಬಾಗಿಲಲ್ಲಿದ್ದ ಡಾಕ್ಟರು, "ಅಜ್ಜಿನೇ ಚೆನ್ನಾಗಿದ್ದೀನಿ ಅಂತಿದ್ದಾರಲ್ಲಮ್ಮಾ?" ಎಂದರು.

"ಅದೇ ಸಾರ್ ರೋಗ!"

ಪರೀಕ್ಷೆ ಮಾಡಿದ ಡಾಕ್ಟರು ಕೂಡಲೇ ಆಮ್ಲಜನಕ ಹಚ್ಚಿಸಿದರು. ಈಗ ಓಣಿಗೆ ಫೋನ್ ಮಾಡುವ ಮುಂಚೆ ನರ್ಸಮ್ಮ ಒಗೆಯುವ ಕೋಣೆಗೇ ಬಂದು, "ಬಾರೇ, ಸ್ವಲ್ಪ ಜಗಳ ಆಡಿಕೊಡು" ಎಂದು ಕರೆಯುತ್ತಾರೆ. ಆ ಮಾತು ಹೇಳುವಾಗ ಅಕ್ಕನ ಮುಖ ಅರಳುತ್ತದೆ.

ಇತ್ತ ಬಾಗಿಲು ಇನ್ನೂ ಮುಚ್ಚೇ ಇದೆ. ಅಕ್ಕನ ಮುಖ ಸಣ್ಣಗಾಗುತ್ತದೆ. ಆದರೂ ಬಿಡದೆ, "ಆಸ್ಪತ್ರೆ ಗಂಜಿ ಕುಡ್ದು ಬಾಯಿ ಬಿದ್ದೋಯ್ತಾ ಅಜ್ಜೀ?" ಎಂದು ಕೂಗುತ್ತಾರೆ.

"ಬಾಯಿ ಬೀಳೋದು ನಿಂದು ಕಣೇ, ಬಜಾರಿ! ಕೋಳಿ ಕೂಗೋ ಮುಂಚೆ ಕೂಗ್ತೀಯಲ್ಲ, ನಿನ್ ಗಂಟಲಿಗಿಷ್ಟು ಮಣ್ಣು ಹಾಕ! ಬೆಳಬೆಳಗ್ಗೆ ನಿನ್ನ ಮುಖ ನೋಡಿದ್ರೆ ಒಲೆ ಮೇಲಿನ ಹಾಲೂ ಒಡೆದೋಗುತ್ತೆ, ಹೋಗೇ ಆಚೆ!"

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ನಗುತ್ತಲೇ ಕಣ್ಣೊರೆಸಿಕೊಂಡು, ಜೊತೆಗಿದ್ದವರತ್ತ ತಿರುಗುತ್ತಾರೆ.

"ಒಂದ್ಸಲಾನೂ ಏದುಸಿರು ಬಿಡ್ಲಿಲ್ಲ, ಕೇಳಿಸ್ಕೊಂಡ್ರಾ?"