ಸುಣ್ಣದ ಗೆರೆಯ ಮನೆಯಲ್ಲಿ ಒಂದು ಬೆಳಿಗ್ಗೆ

ನಾನು ಮದುವೆಯಾಗಿ ಶಿರಾದಿಂದ ಮಧುಗಿರಿಗೆ ಬಂದಾಗ ಅತ್ತೆ ಮಾವ ಇದ್ದದ್ದು ರೈಲು ಡಬ್ಬಿಯಂಥ ಒಂದು ಹಳೇ ಮನೆಯಲ್ಲಿ. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಕಟ್ಟಕಡೆಗೆ ಕತ್ತಲೆಯ ಅಡಿಗೆಮನೆ. ಅದಕ್ಕೆ ಹಿಂಬಾಗಿಲಿರಲಿಲ್ಲ. ಬಾವಿ, ಬಚ್ಚಲು ಎರಡೂ ಮುಂದಿನ ಅಂಗಳದಲ್ಲಿ.

ಮಾವ ಕೋರ್ಟಿನಲ್ಲಿ ಗುಮಾಸ್ತರು. ಬೆಳಕು ಹರಿಯುತ್ತಲೇ ಕೇಸಿನವರು ಬಂದು ಪಡಸಾಲೆಯಲ್ಲಿ ಕೂತುಬಿಡುತ್ತಿದ್ದರು. ಅವರು ಏಳುವವರೆಗೆ ಅತ್ತೆ, ನಾನು ಇಬ್ಬರೂ ಒಳಗೇ. ಸ್ನಾನಕ್ಕೆ ಹೋಗಬೇಕೆಂದರೂ, ಒಂದು ಬಿಂದಿಗೆ ನೀರು ತರಬೇಕೆಂದರೂ ಅಷ್ಟು ಗಂಡಸರ ನಡುವೆ ಹಾದು ಹೋಗಬೇಕು. ಅತ್ತೆ ಬಾಗಿಲ ಸಂದಿಯಿಂದ ಇಣುಕಿ, "ಇನ್ನೂ ಎದ್ದಿಲ್ಲ ಕಣಮ್ಮ. ಪಾವಗಡದೋನು ಈಗ ಕತೆ ಸುರು ಮಾಡವ್ನೆ, ಅರ್ಧ ತೆಲುಗು, ಅರ್ಧ ಕನ್ನಡ" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ನನಗೂ ನಗು ಬರುತ್ತಿತ್ತು. ಆದರೆ ಒಲೆಯ ಮೇಲಿನ ಎಸರಿಗೆ ನೀರು ಸಾಲದೆ ಕೈಕಾಲು ಆಡುತ್ತಿರಲಿಲ್ಲ.

ಅರವತ್ತರ ದಶಕ ಶುರುವಾದ ಹೊಸದರಲ್ಲಿ ಮಾವ ಬೆಟ್ಟದ ಮಗ್ಗುಲಲ್ಲಿ ಒಂದು ಜಾಗ ಕೊಂಡು ಮನೆ ಕಟ್ಟಿಸಲು ಹೊರಟರು. ಮೇಸ್ತ್ರಿ ನಮ್ಮ ಶಿರಾದ ಸಾಬರು, ವಯಸ್ಸಾದವರು. ನನ್ನನ್ನು "ನಮ್ಮೂರ ಮಗಳು" ಎನ್ನುತ್ತಿದ್ದರು. ಪಾಯ ತೋಡುವ ಮುಂಚೆ ಅವರು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದಿದ್ದರು. ಒಂದು ಭಾನುವಾರ ಬೆಳಿಗ್ಗೆ ಕಾಫಿ ತೆಗೆದುಕೊಂಡು ಅತ್ತೆ, ನಾನು ಅಲ್ಲಿಗೆ ಹೋದೆವು.

ಮಾವ ಬಹಳ ಉಮೇದಿನಲ್ಲಿದ್ದರು. "ಇದು ಪಡಸಾಲೆ, ಪಕ್ಕದಲ್ಲಿ ನನ್ನ ಕಡತಕ್ಕೊಂದು ಕೋಣೆ. ಇದು ನಡುಮನೆ. ಅಕೋ, ಕೊನೇಲಿ ಅಡಿಗೆಮನೆ."

ಹಳೇ ಮನೆಯೇ, ಸ್ವಲ್ಪ ಅಗಲವಾಗಿ ಬಂದು ಮಲಗಿತ್ತು. ಆ ಜಾಗದಲ್ಲಿ ಮೊದಲೇ ಇದ್ದ ಬಾವಿ ಮಾತ್ರ ಈ ಸಲ ಹಿತ್ತಲಿಗೆ ಬಂದಿತ್ತು. ಆದರೆ ಕಳ್ಳರ ಭಯವೆಂದು ಹಿಂದೆ ಬಾಗಿಲಿಟ್ಟಿರಲಿಲ್ಲ.

ಅತ್ತೆ ಸೀದಾ ಹೋಗಿ ಅಡಿಗೆಮನೆಯ ಗೆರೆಯೊಳಗೆ ಚಕ್ಕಳಮಕ್ಕಳ ಹಾಕಿ ಕೂತರು. "ಎಸರಿಗೆ ನೀರು ಬೇಕು, ತಗಂಬಾರಮ್ಮ" ಎಂದು ನನಗೆ ಹೇಳಿ, ಮಾವನ ಕಡೆ ತಿರುಗಿ, "ನೀವು ಕೇಸಿನೋರು. ಪಡಸಾಲೆಲಿ ಕೂತ್ಕಳಿ" ಎಂದರು.

ಮಾವ ನಗುತ್ತಾ ಒಂದು ಕಲ್ಲಿನ ಮೇಲೆ ಕೂತರು. ಮೇಸ್ತ್ರಿಗೂ ಹುರುಪು ಬಂತು. "ಅರೆ, ಹಂಗಾದ್ರೆ ನಾನೂ ಕೇಸಿನೋನೇ" ಎಂದು ಅವರ ಪಕ್ಕ ಕುಕ್ಕರಗಾಲಲ್ಲಿ ಕೂತರು. ನಾನು ಕೆಲಸದವರ ಬಿಂದಿಗೆಯನ್ನು ಬಾವಿಯಿಂದ ತುಂಬಿಕೊಂಡು, ಇಡೀ ಮನೆ ಸುತ್ತಿಕೊಂಡು ಮುಂಬಾಗಿಲ ಗೆರೆಯ ಹತ್ತಿರ ಬಂದು, ತಲೆ ಮೇಲೆ ಸೆರಗು ಎಳೆದುಕೊಂಡು ನಿಂತೆ.

"ಬಾರಮ್ಮ, ನಾನೇನು ತಡದ್ನಾ?" ಎಂದರು ಮಾವ.

"ನೀವೀಗ ಮಾವ ಅಲ್ಲ, ಪಾವಗಡದೋರು!" ಎಂದು ಅತ್ತೆ ಅಲ್ಲಿಂದಲೇ ಕೂಗಿದರು.

ನಾನು ನಿಂತೇ ಇದ್ದೆ. ಸೊಂಟದ ಬಿಂದಿಗೆ ತುಳುಕಿ ಸೀರೆ ನೆನೆಯಿತು. ಪಕ್ಕದ ಮನೆಯ ಹೆಂಗಸರು ಬೇಲಿಯ ಹತ್ತಿರ ಬಂದು ನೋಡಿ ನಗತೊಡಗಿದರು. ಬಿಸಿಲೇರಿತು. ಮಾವ ಕಾಫಿ ಕೇಳಿದರು.

"ನೀರೇ ಬಂದಿಲ್ಲ, ಕಾಫಿ ಎಲ್ಲಿಂದ?" ಎಂದರು ಅತ್ತೆ.

ಮಾವ ನಗುವುದನ್ನು ನಿಲ್ಲಿಸಿದರು. ನನ್ನನ್ನು ನೋಡಿದರು, ಬಿಂದಿಗೆ ನೋಡಿದರು. "ದಿನಾ ಹಿಂಗೇನಾ?" ಎಂದು ಮೆಲ್ಲಗೆ ಕೇಳಿದರು.

"ನಾನು ಬಂದಾಗಿಂದ್ಲೂ ಹಿಂಗೇ ಅಲ್ವಾ?" ಎಂದರು ಅತ್ತೆ. ಆ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ಅಳಿಸಿ ಮೇಸ್ತ್ರಿ" ಎಂದು ಮಾವ ಎದ್ದರು. "ಇವರು ಹೇಳ್ದಂಗೆ ಎಳೀರಿ."

ಮೇಸ್ತ್ರಿ ಗೆರೆಯನ್ನು ಕಾಲಲ್ಲೇ ಉಜ್ಜಿದರು. "ಗೋಡೆ ಎದ್ದ ಮ್ಯಾಗೆ ಹೇಳಿದ್ರೆ ಮುಷ್ಕಿಲ್ ಆಗೋದಮ್ಮಾ. ಈಗ ಏನು, ಬರೀ ಸುಣ್ಣ!"

ಆಮೇಲೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಕೇಸಿನವರಿಗೆ ಹೊರಗೇ ಉದ್ದನೆಯ ಜಗಲಿ. ಅಡಿಗೆಮನೆಗೆ ಹಿತ್ತಲ ಬಾಗಿಲು. ಒಲೆಯ ಎದುರಿಗೇ ಕಿಟಕಿ, ಮೇಲೆ ಹೊಗೆ ಹೋಗಲು ಗವಾಕ್ಷಿ. ಅಡಿಗೆಮನೆಗೆ ಅಂಟಿಕೊಂಡೇ ಬಚ್ಚಲು, ಹಂಡೆಯ ನೀರು ಹೊತ್ತು ತಿರುಗಬಾರದು. ಬಚ್ಚಲ ಮಗ್ಗುಲಿಗೆ, ಮಾವ ತಮ್ಮ ಕಡತಗಳಿಗೆಂದು ಇಟ್ಟುಕೊಂಡಿದ್ದ ಕೋಣೆಯನ್ನು ಅತ್ತೆ ಎಳೆದು ತಂದರು. "ಇದು ಬಾಣಂತಿ ಕೋಣೆ" ಎಂದರು. ನನ್ನ ನಾದಿನಿ ಮೊದಲ ಹೆರಿಗೆಗೆ ಬಂದಿದ್ದಾಗ ಅವಳಿಗೆ ಕಂಬಳಿ ಹೊದಿಸಿ, ಗಾಳಿಯಲ್ಲಿ ಅಂಗಳ ದಾಟಿಸಿ ಎರೆದುಕೊಳ್ಳಲು ಕರೆದೊಯ್ಯಬೇಕಿತ್ತಂತೆ. ಈಗ ಅವಳಿಗೆ ಮತ್ತೆ ಆರು ತಿಂಗಳಾಗಿತ್ತು. ಮಾವ, "ನನ್ನ ಕಡತಕ್ಕೆ ಗೋಡೇಲಿ ಒಂದು ಗೂಡು ಬುಟ್ಟರೆ ಸಾಕು" ಎಂದರು.

"ಎಲ್ಲಾರ್ದೂ ಆಯ್ತಮ್ಮಾ, ನಿಮ್ಗೆ?" ಎಂದು ಕೇಳಿದರು ಮೇಸ್ತ್ರಿ.

ಅಲ್ಲಿಯವರೆಗೆ ಗಟ್ಟಿಯಾಗಿ ಮಾತಾಡುತ್ತಿದ್ದ ಅತ್ತೆ ನಾಚಿಕೊಂಡರು. "ನಡುಮನೇಲಿ ಒಂದು ತಗ್ಗಿನ ಕಿಟಕಿ. ಅಕ್ಕಿ ಆರಿಸ್ತಾ ಕೂತ್ರೆ ಬೀದಿ ಕಾಣಂಗೆ."

ಮೇಸ್ತ್ರಿ ಅವರನ್ನು ಅಲ್ಲೇ ನೆಲದ ಮೇಲೆ ಕೂರಿಸಿ, ಪಕ್ಕದಲ್ಲಿ ಕೋಲು ನಿಲ್ಲಿಸಿ, ಅವರ ಕಣ್ಣಿನ ಮಟ್ಟಕ್ಕೆ ಸುಣ್ಣದಲ್ಲಿ ಗುರುತು ಮಾಡಿದರು.

ನಾದಿನಿಯ ಹೆರಿಗೆಗೆ ಸರಿಯಾಗಿ ಮನೆ ಮುಗಿಯಿತು. ಗೋಡೆಗಳಿನ್ನೂ ಹಸಿ ವಾಸನೆ ಹೊಡೆಯುತ್ತಿದ್ದವು. ಒಕ್ಕಲು ಬಂದ ಮರುದಿನ ಜಗಲಿಯ ತುಂಬ ಕೇಸಿನವರು. ಒಳಗೆ ನಮ್ಮ ಸ್ನಾನ ಮುಗಿದು, ಮುಡಿಗೆ ಹೂವೂ ಬಂದಾಗಿತ್ತು. ಅತ್ತೆ ಬೇಕಿಲ್ಲದಿದ್ದರೂ ಬಾವಿಗೆ ಹೋಗಿ ಬಿಂದಿಗೆ ತುಂಬಿಕೊಂಡು ಬಂದರು. ಸುರಿಯಲು ಒಳಗೆ ಒಂದು ಪಾತ್ರೆಯೂ ಖಾಲಿಯಿರಲಿಲ್ಲ. ನಗುತ್ತಾ ಹಿತ್ತಲ ಕರಿಬೇವಿನ ಬುಡಕ್ಕೆ ಸುರಿದರು. ಬಾಣಂತಿ ಕೋಣೆಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡು ವರ್ಷಕ್ಕೆ ಅದೇ ಕೋಣೆಯಲ್ಲಿ ನಾನೂ ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಬೆಚ್ಚಗೆ ಮಲಗಿದ್ದೆ.

ಅಷ್ಟರಲ್ಲಿ ಮಾವನೇ ಕೋರ್ಟಿನಲ್ಲಿ ಎಲ್ಲರಿಗೂ ಆ ಭಾನುವಾರದ ಕತೆ ಹೇಳಿಬಿಟ್ಟಿದ್ದರು. ಕೊರಟಗೆರೆಯ ಒಬ್ಬ ವಕೀಲರ ಹೆಂಡತಿ ಹುಡುಕಿಕೊಂಡು ಬಂದು, "ಅಮ್ಮಾ, ನಮ್ಮ ಮನೆಗೂ ಗೆರೆ ಎಳೆದಿದ್ದಾರೆ, ನೀವೊಂದು ಸಲ ನಡೆದು ನೋಡಬೇಕು" ಎಂದರು. ಒಬ್ಬರೇ ಸಂತೆಗೂ ಹೋಗದಿದ್ದ ಅತ್ತೆ ಒಗೆದ ಸೀರೆಯುಟ್ಟು, ನನ್ನನ್ನು ಜೊತೆಗೆ ಹೊರಡಿಸಿಕೊಂಡು, ಬೆಳಗಿನ ಬಸ್ಸು ಹತ್ತಿದರು.

"ಎಲ್ಲಿಗಮ್ಮಾ ಹೊರಟ್ರಿ?" ಎಂದು ಕಂಡಕ್ಟರು ಕೇಳಿದ.

"ಕೊರಟಗೆರೆಗೆ ಕಣಪ್ಪ. ಒಂದು ಮನೇಲಿ ಅಡಿಗೆ ಮಾಡ್ಬೇಕು, ಗೋಡೆ ಇನ್ನೂ ಕಟ್ಟಿಲ್ಲ" ಎಂದರು ಅತ್ತೆ.