ನನ್ನ ಮೂಗು ಮತ್ತು ಗಂಗವ್ವನ ಸೀರೆ

ನಮ್ಮ ಮನೆಯಲ್ಲಿ ನನ್ನ ಮೂಗಿಗೆ ಕಿಮ್ಮತ್ತಿಲ್ಲ. ಬಸ್ಸಿನಲ್ಲಿ ಪಕ್ಕದವರು ತಂಬಾಕು ತಿಕ್ಕಿದರೆ ನಾನು ಎದ್ದು ನಿಲ್ಲುತ್ತೇನೆ. ಮದುವೆ ಪಂಕ್ತಿಯಲ್ಲಿ ಬಡಿಸುವವನ ಹೆಬ್ಬೆರಳು ಸಾರಿಗೆ ತಾಗಿದ್ದು ಕಂಡರೆ ಅಲ್ಲಿಗೆ ನನ್ನ ಊಟ ಮುಗಿಯಿತು. ಬೆಟಗೇರಿಯ ನಮ್ಮ ಓಣಿಯ ಮಕ್ಕಳು ನನ್ನನ್ನು ಕಂಡರೆ ಮೂಗು ಹಿಡಿದುಕೊಂಡು ಅಣಕಿಸುತ್ತವೆ. ಹೀಗಾಗಿ ಅಣ್ಣನ ಮಗಳ ಜೊತೆ ಹಿರಿಯಳಾಗಿ ನಾನೇ ಹೋಗಬೇಕೆಂದು ತೀರ್ಮಾನವಾದಾಗ ಅಣ್ಣ ಮೊದಲೇ ತಾಕೀತು ಮಾಡಿದ.

"ನಿನಗ ಹೇಸಿಕಿ ಬರದಂಥಾದ್ದು ಈ ಜಗತ್ತಿನ್ಯಾಗ ಏನೈತಿ ಹೇಳು? ಅಲ್ಲಿ ನಾರ್ತಿತ್ತು, ಇಲ್ಲಿ ಹೊಲಸಿತ್ತು ಅಂತ ಬಂದು ಹೇಳಿದರ ನಾ ಕೇಳಂಗಿಲ್ಲ. ಹುಡುಗ ಹೆಂಗ ಅದಾನ, ಅಷ್ಟ ನೋಡ್ಕೊಂಡ ಬಾ."

ಹುಡುಗ ಲಕ್ಷ್ಮೇಶ್ವರದವನು, ಅವರದು ದೊಡ್ಡ ಬಟ್ಟೆ ಅಂಗಡಿ. ಹೆಣ್ಣು ನೋಡುವ ಶಾಸ್ತ್ರ ಮುಗಿದಿತ್ತು, ಎರಡೂ ಮನೆಯ ಹಿರಿಯರು ಒಪ್ಪಿದ್ದರು, ಹುಡುಗಿಯೊಬ್ಬಳ ಹೂಂ ಬಾಕಿ ಇತ್ತು. ಅವಳು, "ಒಂದ್ ದಿನ ಅವರ ಜೋಡಿ ಇದ್ದು ನೋಡಿ ಹೇಳ್ತೀನಿ" ಎಂದಿದ್ದಳು. ಅದಕ್ಕೆ ಹುಡುಗ ತಾನೇ ದಾರಿ ಹುಡುಕಿದ. ಚಳಿಗಾಲದಲ್ಲಿ ತನ್ನ ಅಣ್ಣ, ಅತ್ತಿಗೆ ಮತ್ತು ಗೆಳೆಯರ ಜೊತೆ ಕಪ್ಪತಗುಡ್ಡದ ಕಡೆ ಕಾಡಿನಂಚಿನ ಕೆರೆಯ ದಂಡೆಯಲ್ಲಿ ಟೆಂಟು ಹಾಕುತ್ತಾರಂತೆ, ಗುಡ್ಡ ಹತ್ತುತ್ತಾರಂತೆ. ನೀವೂ ಬರ್ರಿ ಎಂದ. ವಾಪಸ್ಸು ಬಂದು ಇವಳು ಒಪ್ಪಿದರೆ ಮುಂದಿನ ವಾರವೇ ಮದುವೆ ನಿಶ್ಚಯಿಸುವ ವೀಳ್ಯದ ಶಾಸ್ತ್ರ.

ಈ ಹುಡುಗಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಹೇಗೋ ಅದರ ಪೂರ್ತಿ ಉಲ್ಟಾ ಅವಳು. ಗದಗಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವಳ ಕೆಲಸ. ಆ ಬಾಟಲಿಗಳ ಸಾಲು ಕಣ್ಣೆದುರು ಇದ್ದರೂ ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ತಿಂದು ಬರುತ್ತಾಳೆ. ನಮ್ಮವ್ವ ಹಾಸಿಗೆ ಹಿಡಿದಾಗ ಅವಳ ಮೈ ಒರೆಸಿ, ಹಾಸಿಗೆ ಬದಲಿಸಿದವಳು ಈ ಮೊಮ್ಮಗಳೇ. ನಿನಗೆ ಏನೂ ಅನ್ನಿಸುವುದಿಲ್ಲವೇನೇ ಎಂದು ನಾನು ಬಾಗಿಲಲ್ಲಿ ಸೆರಗು ಮುಚ್ಚಿಕೊಂಡು ಕೇಳಿದರೆ ನಗುತ್ತಿದ್ದಳು. "ಹೊಲಸು ಅಂದ್ರ ಏನತ್ತಿ? ತೊಳದರ ಹೋಗ್ತೈತಿ."

ಹೊರಡುವ ದಿನ ಬೆಳಿಗ್ಗೆ ಅಣ್ಣನ ಹೆಂಡತಿ, ನಮ್ಮ ವೈನಿ, ನನ್ನ ಚೀಲದಲ್ಲಿ ಒಂದು ಸೀರೆ ಇಟ್ಟಳು. ಗಿಣಿಹಸಿರು ಒಡಲು, ಕರಿ ಅಂಚು. ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಒಂದೇ ಮಗ್ಗ, ಅದು ವೈನಿಯದು, ಸೀರೆಯೂ ಅವಳೇ ನೇಯ್ದದ್ದು. ಸಂಬಂಧದ ಮಾತು ನಡೆದಿರುವಾಗ ಹುಡುಗಿ ಹಿಂದೆ ಕಾಣದ ಕೆರೆ ಕಂಡರೆ ನೀರಿನ ದೇವಿ ಗಂಗವ್ವನಿಗೆ ಸೀರೆ ಉಡಿಸುವುದು ನಮ್ಮ ಮನೆತನದ ರೂಢಿ. ಉಡಿಸುವುದೆಂದರೆ ಬಿಸಾಡುವುದಲ್ಲ. ಸೆರಗಿನ ತುದಿಯನ್ನು ಕೈಯಲ್ಲಿ ಗಟ್ಟಿ ಹಿಡಿದು ಸೀರೆಯನ್ನು ನೀರ ಮೇಲೆ ಬಿಡಬೇಕು. ನೆನೆದ ಮೇಲೆ ಎಳೆದುಕೊಂಡು, ಹಿಂಡಿ, ಒಣಗಿಸಿ ಮನೆಗೆ ತರಬೇಕು. ಗಂಗವ್ವ ಉಟ್ಟು ಕೊಟ್ಟ ಆ ಸೀರೆಯನ್ನೇ ಹುಡುಗಿ ವೀಳ್ಯಕ್ಕೆ ಉಡುತ್ತಾಳೆ. ನೇಯುವವರು ಮಾಡಿದ ರೂಢಿ, ನೇಯ್ದದ್ದನ್ನು ನೀರುಪಾಲು ಮಾಡಲು ಅವರಿಗೆ ಮನಸ್ಸು ಬಂದೀತೇ?

"ಸೆರಗ ಮಾತ್ರ ಬಿಡಬ್ಯಾಡ್ರಿ" ಎಂದು ವೈನಿ ಮಗಳಿಗೂ ನನಗೂ ಸೇರಿಸಿ ಹೇಳಿದಳು.

ದೂರದಿಂದ ಕೆರೆ ಚೆಂದವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಕಣ್ಣನ್ನೂ ಯಾರೂ ನಂಬುವುದಿಲ್ಲ. ಎರೆಹೊಲ ಮುಗಿದು ಕೆಂಪು ಮಣ್ಣು ಶುರುವಾಗುವ ಕಡೆ, ಗುಡ್ಡದ ಬೆನ್ನಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಆಚೆ ದಂಡೆಯಲ್ಲಿ ಚಳಿಗಾಲಕ್ಕೆ ಬರುವ ಪಟ್ಟೆತಲೆಯ ಬಾತುಗಳು ಮೇಯುತ್ತಿದ್ದವು. ಕಾರಿನಿಂದ ಇಳಿದೆ ನೋಡಿ, ಕಾಲ ಕೆಳಗೆ ಏನೋ ಪಚಕ್ ಎಂದಿತು. ಅದೇನೆಂದು ಬರೆಯುವುದಿಲ್ಲ. ಮಗುವೊಂದರ ಚಡ್ಡಿಗೆ ಸಂಬಂಧಿಸಿದ್ದು ಎಂದರೆ ಸಾಕು.

ಈಚೆ ದಂಡೆಯ ತುಂಬ ಒಡೆದ ಬಾಟಲಿ, ಚಿಪ್ಸಿನ ಪಾಕೀಟು. ಬೇವಿನ ಮರದ ಬುಡದಲ್ಲಿ ಗಾಜು ಒಡೆದ ದೇವರ ಫೋಟೋಗಳನ್ನು ಗೋಡೆಗೆ ಒರಗಿಸಿದ ಹಾಗೆ ಇಟ್ಟಿದ್ದರು. ನೀರಿನಂಚಿನಲ್ಲಂತೂ ಯಾರ್ಯಾರೋ ಉಡಿ ತುಂಬಿ ಎಸೆದ ಅಗ್ಗದ ಸೀರೆಗಳು, ಪ್ಲಾಸ್ಟಿಕ್ ಕವರನ್ನೂ ಬಿಚ್ಚದೆ ಹಾಕಿದವು, ಕೊಳೆತ ತೆಂಗಿನಕಾಯಿ, ಹಸಿರು ಬಳೆ, ಎಲ್ಲ ಸೇರಿ ಒಂದು ಕರಿ ಲೋಳೆ. ಊರೂರಿನ ಭಕ್ತಿ ಬಂದು ಅಲ್ಲಿ ನಾರುತ್ತಿತ್ತು. ನನ್ನ ಮೂಗು ತಾನೇ ಮೇಲೇರಿತು. ಅಣ್ಣನ ಮಾತು ನೆನಪಾಗಿ ಬಾಯಿ ಬಿಗಿಹಿಡಿದೆ.

"ಅತ್ತಿ, ಮೂಗ ಇಳಸು" ಎಂದು ಹುಡುಗಿ ಪಿಸುಗುಟ್ಟಿದಳು.

ಹುಡುಗ ನೋಡಲು ಲಕ್ಷಣವಾಗಿದ್ದ, ಸುಳ್ಳು ಹೇಳಬಾರದು. ನನ್ನ ಚೀಲ ತಾನೇ ಹೊತ್ತ, ಕುರ್ಚಿ ಬಿಚ್ಚಿ "ಕುಂಡ್ರಿ ಅತ್ತೇರ" ಎಂದ, ನೆರಳು ಸರಿದಾಗ ಕುರ್ಚಿಯನ್ನೂ ಸರಿಸಿದ. ಮಧ್ಯಾಹ್ನದ ಊಟಕ್ಕೆ ವೈನಿ ಕಟ್ಟಿಕೊಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯನ್ನು ಎಲ್ಲರೂ ಹೊಗಳಿ ತಿಂದರು. ಅವನ ಅಣ್ಣ ಮಾತ್ರ ಎಣ್ಣೆ ಮೆತ್ತಿದ ಕೈಯನ್ನು ಉಳಿದ ರೊಟ್ಟಿಗೆ ಒರೆಸಿ, ಆ ರೊಟ್ಟಿಯನ್ನು ಮುದ್ದೆ ಮಾಡಿ ಪೊದೆಯತ್ತ ಒಗೆದ. ಅನ್ನಕ್ಕೆ ಕೈ ಒರೆಸುವವರನ್ನು ನಾನು ಅದೇ ಮೊದಲು ಕಂಡದ್ದು. ಉಗಿದು ಉಪ್ಪು ಹಾಕುವ ಆಸೆಯಾಯಿತು, ಆದರೆ ನಾವು ಹೆಣ್ಣಿನ ಕಡೆಯವರು.

ಆಗ ಹುಡುಗ ಎದ್ದು ಎಲ್ಲರ ತಟ್ಟೆ, ಲೋಟ, ಬಾಟಲಿಗಳನ್ನು ಆರಿಸಿ ದೊಡ್ಡ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಮನಸ್ಸಿನಲ್ಲೇ ವೀಳ್ಯದ ಅಡಿಗೆಯವರನ್ನು ಕರೆಸಿಬಿಟ್ಟೆ. ಅವನು ಚೀಲ ಎತ್ತಿಕೊಂಡು ಇಪ್ಪತ್ತು ಮಾರು ನಡೆದು, ಕೋಡಿಯ ತಗ್ಗಿಗೆ ಅದನ್ನು ಗಿರಗಿರ ತಿರುಗಿಸಿ ಬೀಸಿ ಒಗೆದ. ತಿರುಗಿ ಬಂದು ಸಣ್ಣ ಬಾಟಲಿಯಿಂದ ಘಮಘಮ ಔಷಧ ಸುರಿದು ಕೈ ಉಜ್ಜಿಕೊಂಡ.

"ನಾವು ಕುಂಡ್ರೂ ಜಾಗಾ ಸ್ವಚ್ಛ ಇರಬೇಕ್ರಿ ಅತ್ತೇರ. ನನಗ ಹೊಲಸು ಕಂಡರ ಆಗಂಗಿಲ್ಲ" ಎಂದ.

ನಾನು ಹುಡುಗಿಯ ಮುಖ ನೋಡಿದೆ. ಅವಳು ತಗ್ಗಿನ ಕಡೆ ನೋಡುತ್ತಿದ್ದಳು.

ಬಿಸಿಲು ಇಳಿದ ಮೇಲೆ ಗುಡ್ಡ ಹತ್ತಿದೆವು. ಕಾಲುದಾರಿಯ ಎರಡೂ ಬದಿ ಮುಳ್ಳುಕಂಟಿ, ನಡುನಡುವೆ ಹೆಸರು ಗೊತ್ತಿಲ್ಲದ ಗಿಡಗಳ ಒಣ ವಾಸನೆ. ನನ್ನ ಮೂಗು ಆ ದಿನ ಸುಖಪಟ್ಟದ್ದು ಅಲ್ಲಿ ಮಾತ್ರ. ಅದೂ ಬಹಳ ಹೊತ್ತಲ್ಲ. ಮುಂದೆ ಹೋಗುತ್ತಿದ್ದ ಗೆಳೆಯನ ಬೆನ್ನಿಗೆ ನೇತುಹಾಕಿದ ಸ್ಪೀಕರು ಒಂದೇ ಸಮನೆ ಒದರುತ್ತಿತ್ತು, ಅವನ ಬಾಯಿಂದ ಗುಟಖಾದ ಕೆಂಪು ಪಿಚಕಾರಿ ಹತ್ತಡಿಗೊಮ್ಮೆ ಹಾರುತ್ತಿತ್ತು. ಅವನ ಹಿಂದೆ ನಾನು ಕಲ್ಲು ನೋಡಿ ಕಾಲಿಡಬೇಕಾಗಿತ್ತು. ಹುಡುಗಿ ಇದ್ಯಾವುದನ್ನೂ ಗಮನಿಸದವಳಂತೆ ಸರಸರ ಏರಿದಳು.

ಮೇಲೆ ಒಂದು ದೊಡ್ಡ ಬಂಡೆ. ಅಲ್ಲಿ ನಿಂತರೆ ಮುಂಡರಗಿ ಕಡೆಯ ಹೊಲಗಳು, ಕೆಳಗೆ ಕೆರೆ, ಎಲ್ಲ ಕಾಣುತ್ತದೆ. ಹುಡುಗ ಚೀಲದಿಂದ ಬಣ್ಣದ ಡಬ್ಬಿ ತೆಗೆದು ಬುಸ್ಸೆಂದು ಬಂಡೆಯ ಮೇಲೆ ತನ್ನ ಹೆಸರು, ಇವಳ ಹೆಸರು, ನಡುವೆ ಒಂದು ಹೃದಯ ಬರೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನ ಅತ್ತಿಗೆ ವಿಡಿಯೋ ಮಾಡಿದಳು. ಹೂಂ ಅನ್ನದ ಹುಡುಗಿಯ ಹೆಸರು ಗುಡ್ಡದ ನೆತ್ತಿಯ ಮೇಲೆ ಕೆಂಪಗೆ ಸೋರುತ್ತಿತ್ತು.

ಅವರು ಮುಂದೆ ಹೋದಾಗ ಹುಡುಗಿ ಓಢಣಿಯ ತುದಿಗೆ ನೀರು ಹಾಕಿಕೊಂಡು ತನ್ನ ಹೆಸರನ್ನು ತಿಕ್ಕಿದಳು. ಬಣ್ಣ ಇನ್ನಷ್ಟು ಹರಡಿತು.

"ಹೋಗವಲ್ದತ್ತಿ" ಎಂದಳು. ಸಿಟ್ಟಿರಲಿಲ್ಲ ಆ ದನಿಯಲ್ಲಿ, ಆಶ್ಚರ್ಯವಿತ್ತು.

ಟೆಂಟಿನ ರಾತ್ರಿಯ ಬಗ್ಗೆ ಹೇಳುವುದು ಇಷ್ಟೇ: ಹೊರಗೆ ಬಿಚ್ಚಿಟ್ಟ ಬೂಟುಗಳ ವಾಸನೆ ಒಳಗೆ ಬಂದು ನನ್ನ ಪಕ್ಕ ಮಲಗಿತ್ತು.

ಬೆಳಿಗ್ಗೆ ಹುಡುಗಿ ಕೆರೆಯ ಏರಿಯ ಗುಂಟ ನಡೆದು, ನೀರು ಸ್ವಲ್ಪ ತಿಳಿಯಿರುವ ಒಂದು ಕಲ್ಲು ಹುಡುಕಿದಳು. ಅರಿಶಿಣ ಕುಂಕುಮ ಏರಿಸಿ, ಸೀರೆಯ ಮಡಿಕೆ ಬಿಚ್ಚಿ, ಸೆರಗು ಹಿಡಿದು ನೀರಿಗೆ ಬಿಟ್ಟಳು. ಗಿಣಿಹಸಿರು ನೀರ ಮೇಲೆ ಹರಡಿಕೊಂಡದ್ದು ಎಷ್ಟು ಚೆಂದವಿತ್ತೆಂದರೆ, ಅಷ್ಟು ಹೊತ್ತು ನಾನು ಮೂಗನ್ನೇ ಮರೆತೆ. ಅಷ್ಟರಲ್ಲಿ ಅವರೆಲ್ಲ ಹಲ್ಲುಜ್ಜುತ್ತ, ನೀರಿಗೇ ಉಗಿಯುತ್ತ ಬಂದರು. ಹುಡುಗಿ ಸೀರೆಯನ್ನು ಎಳೆದುಕೊಳ್ಳುವುದನ್ನು ನೋಡಿ ಹುಡುಗನ ಅತ್ತಿಗೆ ಕಿಸಕ್ಕನೆ ನಕ್ಕಳು.

"ಅಯ್ಯ, ದೇವರಿಗೆ ಕೊಟ್ಟಿದ್ದು ವಾಪಸ್ ಇಸಗೊಂತೀರೇನ್ರಿ ನೀವು?"

ನಾನು ನಮ್ಮ ರೂಢಿಯನ್ನು ವಿವರಿಸಲು ಹೋದೆ. ಹುಡುಗ ಕೇಳಲಿಲ್ಲ. ಅವನಿಗೆ ಅದು ಜಿಪುಣತನವಾಗಿ ಕಂಡಿತು, ತನ್ನವರ ಎದುರು ನಾಚಿಕೆಯಾಯಿತು. "ಕೊಡಿಲ್ಲಿ, ಹೆಂಗ ಉಡಿ ತುಂಬೂದು ತೋರಸ್ತೀನಿ. ಅತ್ತಿಗಿ, ವಿಡಿಯೋ ಹಿಡಿ" ಎಂದವನೇ, ಹಸಿ ಸೀರೆಯನ್ನು ಅವಳ ಕೈಯಿಂದ ಎಳೆದು, ಒಂದು ಕಲ್ಲು ಸುತ್ತಿ ಗಂಟು ಹಾಕಿದ.

"ಬ್ಯಾಡ್ರಿ. ಅವ್ವ ನೇಯ್ದದ್ದು ಅದು" ಎಂದಳು ಹುಡುಗಿ.

"ಇಂಥಾವು ನಮ್ಮ ಅಂಗಡ್ಯಾಗ ಗ್ವಾಣಿಚೀಲದಾಗ ಬಿದ್ದಾವ. ನಿಮ್ಮವ್ವಗ ಹತ್ತು ಕೊಡ್ತೀನಿ ಬಿಡು."

ಬೀಸಿ ಒಗೆದ, ಹಿಂದಿನ ದಿನ ಆ ಚೀಲವನ್ನು ಒಗೆದ ಹಾಗೆಯೇ. ಅದು ಹೋಗಿ ಬಿದ್ದದ್ದು ಕೊಳೆತ ಸೀರೆಗಳ ಆ ಕರಿ ಲೋಳೆಯ ನಡುವೆ.

ನಾನು ಬಾಯಿ ತೆರೆಯುವುದರೊಳಗೆ ಹುಡುಗಿ ನೀರಿಗಿಳಿದಿದ್ದಳು. ಮೊಣಕಾಲು, ತೊಡೆ, ಸೊಂಟ. ಹೆಜ್ಜೆ ಇಟ್ಟಲ್ಲೆಲ್ಲ ಗುಳುಗುಳು ಗುಳ್ಳೆ ಎದ್ದು, ಸತ್ತ ಮೀನಿನದೋ ಏನಿನದೋ ನಾತ ದಂಡೆಯವರೆಗೆ ಬಂತು. ಅವಳು ಎರಡೂ ಕೈ ಹಾಕಿ ಆ ಲೋಳೆಯಲ್ಲಿ ತಡಕಾಡಿದಳು. ಯಾರದೋ ಕೆಂಪು ಸೀರೆ ಬಂತು, ಒಂದು ಪ್ಲಾಸ್ಟಿಕ್ ಹಾರ ಬಂತು, ಎಲ್ಲವನ್ನೂ ದಂಡೆಗೆ ಎಸೆಯುತ್ತ ಹುಡುಕಿದಳು. ನಾನು ಅಳುತ್ತಿದ್ದೆ, ಒಂದು ಕೈ ಮೂಗಿನ ಮೇಲೆ. ಅವರು ನಗುತ್ತಿದ್ದರು. ಅತ್ತಿಗೆಯ ಮೊಬೈಲು ಇನ್ನೂ ಮೇಲೆಯೇ ಇತ್ತು.

ಕೊನೆಗೆ ಕರಿ ಅಂಚು ಸಿಕ್ಕಿತು. ಅವಳು ಗಂಟನ್ನು ಎದೆಗೆ ಅವುಚಿಕೊಂಡು ಮೇಲೆ ಬಂದಳು. ಕುತ್ತಿಗೆಯವರೆಗೆ ಕೆಸರು, ಕೂದಲಲ್ಲಿ ಪಾಚಿ. ಕಲ್ಲು ಹತ್ತಲು ಆಸರೆಗೆಂದು ಕೈ ಚಾಚಿದಳು, ಎದುರಿಗೆ ಹುಡುಗನೇ ನಿಂತಿದ್ದ.

ಅವನು ಎರಡು ಹೆಜ್ಜೆ ಹಿಂದೆ ಸರಿದು ಮೂಗು ಮುಚ್ಚಿಕೊಂಡ.

"ಛೀ! ದೂರ ನಿಂದ್ರು, ನಾರಾಕತ್ತಿ. ಹಿಂಗ ಬಂದರ ಕಾರ್ ಸೀಟ್ ಹಾಳಾಗ್ತಾವ."

ಚಾಚಿದ ಕೈ ಹಾಗೆಯೇ ಇತ್ತು. ನಾನು ಮೂಗಿನ ಮೇಲಿದ್ದ ಕೈ ತೆಗೆದು ಅವಳನ್ನು ಹಿಡಿದು ಎಳೆದುಕೊಂಡೆ. ಲೋಳೆಯೆಲ್ಲ ನನ್ನ ಮೈಗೂ ಆಯಿತು. ಬಾಯಿ ಬಿಗಿಹಿಡಿದದ್ದು ಸಾಕಾಗಿತ್ತು. "ನಿಮ್ಮ ಸೀಟು ನೀವ ಇಟ್ಕೋರಿ, ತೊಳದು ಪೂಜಿ ಮಾಡ್ರಿ" ಎಂದು ಹುಡುಗನಿಗೆ ಹೇಳಿ ಚೀಲ ಎತ್ತಿಕೊಂಡೆ.

ಹತ್ತಿರದ ಹೊಲದ ಬೋರಿನ ನೀರಲ್ಲಿ ಇಬ್ಬರೂ ತೊಳೆದುಕೊಂಡೆವು. ಹೊಲದವರು ಸಾಬೂನು ಕೊಟ್ಟರು. ಸೀರೆಯನ್ನು ಹುಡುಗಿ ಮೂರು ಸಲ ಒಗೆದು, ಬೇಲಿಯ ಮೇಲೆ ಹರವಿ, ಪೂರ್ತಿ ಒಣಗುವವರೆಗೆ ಪಕ್ಕದಲ್ಲೇ ಕುಳಿತಳು. ಒಣಗಿದ ಮೇಲೆ ನನ್ನ ಮೂಗಿನ ಮುಂದೆ ಹಿಡಿದಳು. ಬಿಸಿಲಿನ ವಾಸನೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದನ್ನೇ ಉಟ್ಟು ಡಂಬಳದ ಕಡೆಯಿಂದ ಬಂದ ಬಸ್ಸು ಹತ್ತಿದಳು.

ಮನೆಗೆ ಬಂದಾಗ ಅಣ್ಣ ಪಡಸಾಲೆಯಲ್ಲಿ ಕಾಯುತ್ತಿದ್ದ. ಲಕ್ಷ್ಮೇಶ್ವರದಿಂದ ಆಗಲೇ ಫೋನು ಬಂದಿತ್ತು. ನಾನು ಸಣ್ಣದನ್ನು ದೊಡ್ಡದು ಮಾಡಿ ಹುಡುಗಿಯನ್ನು ಎಬ್ಬಿಸಿಕೊಂಡು ಹೋದೆನೆಂದು ಹೇಳಿದ್ದರಂತೆ. ಅವನು ನನ್ನ ಕಡೆಯೇ ತಿರುಗಿದ.

"ಏನಬೇ, ಮತ್ತ ಹೇಸಿಕಿ ಬಂತೇನು ನಿನಗ? ಬಂಗಾರದಂಥಾ ಸಂಬಂಧ ನಿನ್ನ ಮೂಗಿನ ಸಲುವಾಗಿ ಬಿಡಬೇಕೇನು?"

ನನಗೆ ಹೇಳುವುದು ಬೇಕಾದಷ್ಟಿತ್ತು. ಚೀಲ, ರೊಟ್ಟಿ, ಬಂಡೆ, ಬಾಟಲಿ, ಎಲ್ಲ ಒಟ್ಟಿಗೆ ಬಾಯಿಗೆ ಬಂತು. ಅಷ್ಟರಲ್ಲಿ ಹುಡುಗಿ ನನ್ನ ತೋಳು ಹಿಡಿದು ಮುಂದೆ ಬಂದಳು.

"ಅತ್ತಿಗಲ್ಲಪ್ಪ, ನನಗ" ಎಂದಳು. "ನನಗ ಹೇಸಿಕಿ ಬಂತು."

ವೈನಿಯ ಮಗ್ಗ ಒಳಗೆ ನಿಂತುಹೋಯಿತು. ಅಜ್ಜಿಯ ಹಾಸಿಗೆ ಬದಲಿಸಿದ ಮಗಳನ್ನು ಅಣ್ಣ ತಿರುಗಿ ನೋಡಿದ. ಈ ಮಾತನ್ನು ಅವಳ ಬಾಯಲ್ಲಿ ಅವನು ಯಾವತ್ತೂ ಕೇಳಿರಲಿಲ್ಲ. ಕೆಮ್ಮಿ, ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು, ಮೆಲ್ಲಗೆ ಕೇಳಿದ.

"ತೊಳದರ ಹೋಗುವಂಥಾದ್ದಲ್ಲೇನವಾ?"

"ಅಲ್ಲಪ್ಪ."

ಅಣ್ಣ ಫೋನು ತೆಗೆದುಕೊಂಡು, ಲಕ್ಷ್ಮೇಶ್ವರದ ನಂಬರು ಒತ್ತುತ್ತ ಅಂಗಳಕ್ಕೆ ಹೋದ.