ಸತ್ಪಾಲ್ ಜೀ ಎಸೆಯದೆ ಉಳಿಸಿದ ತಟ್ಟೆ

ಇದು ನಡೆದದ್ದು 2006ರ ಆಗಸ್ಟ್ ತಿಂಗಳಲ್ಲಿ. ನನ್ನ ನೆನಪು ಬಹಳ ಕಾಲ 2005 ಎಂದೇ ಹೇಳುತ್ತಿತ್ತು. ಬರೆಯಲು ಕೂರುವ ಮುನ್ನ ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಹುಡುಕಿ ತೆಗೆದೆ. ಅದರಲ್ಲಿ 2006 ಎಂದಿದೆ. ಆ ವರ್ಷ ಮಗಳು ಶುಭಾ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಳೆಂದು ಅವಳ ಅಂಕಪಟ್ಟಿ ಹೇಳುತ್ತದೆ. ಎರಡು ಕಾಗದಗಳು ಒಂದೇ ಮಾತಾಡುವಾಗ ನೆನಪು ಸುಮ್ಮನಿರುವುದು ಲೇಸು.

ಆಗ ನಾನು ದೆಹಲಿಯ ಒಂದು ಸಂಶೋಧನಾಲಯದಲ್ಲಿ ಸೂಕ್ಷ್ಮಜೀವಿ ವಿಭಾಗದ ಹೊಣೆ ಹೊತ್ತಿದ್ದೆ. ನಮ್ಮ ಮನೆ ಮಯೂರ್ ವಿಹಾರದಲ್ಲಿತ್ತು. ನದಿಯ ನೀರಿನಲ್ಲಿ, ನಗರದಂಚಿನ ಮೀನುಕೊಳಗಳಲ್ಲಿ, ಮಂಡಿಗೆ ಬರುವ ಮೀನಿನಲ್ಲಿ ಆಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಿವೆಯೇ ಎಂದು ನೋಡುವುದು ನಮ್ಮ ಕೆಲಸ. ಜನ ನುಂಗಿದ ಮಾತ್ರೆಗಳ ಅಂಶ ಚರಂಡಿಯ ಮೂಲಕ ನೀರು ಸೇರುತ್ತದೆ. ಕೊಳದ ಮೀನಿಗೆ ರೋಗ ಬಾರದಿರಲೆಂದು ಕೆಲವರು ಔಷಧಿಯನ್ನು ನೇರವಾಗಿ ನೀರಿಗೇ ಸುರಿಯುತ್ತಾರೆ. ಅಷ್ಟಿಷ್ಟು ಔಷಧಿಯಲ್ಲಿ ಸಾಯದೆ ಉಳಿದ ಬ್ಯಾಕ್ಟೀರಿಯಾಗಳು ಮುಂದೆ ಅದೇ ಔಷಧಿಗೆ ಹೆದರುವುದಿಲ್ಲ. ಚೆನ್ನಾಗಿ ಬೇಯಿಸಿದ ಮೀನು ತಿನ್ನುವವರಿಗೆ ಇದರಿಂದ ಭಯ ಕಡಿಮೆ. ಹಸಿ ಮೀನು ಮುಟ್ಟುವ ಕೈಯಲ್ಲಿ ಗಾಯವಾದರೆ ಮಾತ್ರ ಮಾತು ಬೇರೆ.

ನನ್ನ ಜೊತೆ ಪ್ರಯೋಗಾಲಯ ಸಹಾಯಕರಾಗಿದ್ದವರು ಸತ್ಪಾಲ್ ಜೀ. ವಯಸ್ಸು ಐವತ್ತು ದಾಟಿತ್ತು. ಹರಿಯಾಣದ ಬಹಾದೂರ್‌ಗಢದಿಂದ ದಿನವೂ ರೈಲಿನಲ್ಲಿ ಬರುತ್ತಿದ್ದರು. ಅಪ್ಪಟ ಸಸ್ಯಾಹಾರಿ, ಮೀನಿನ ಚೀಲ ಬಿಚ್ಚುವ ಮೊದಲು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುವರು. ನಾನೂ ಹುಟ್ಟಿನಿಂದ ಮೀನು ತಿಂದವಳಲ್ಲ. ಅದಕ್ಕೇ ಅವರು ನನ್ನನ್ನು ಛೇಡಿಸುತ್ತಿದ್ದರು: “ಮೇಡಂ ಜೀ, ಆಪ್ ಮಛಲೀ ಖಾತೀ ಭೀ ನಹೀಂ, ಛೋಡ್ತೀ ಭೀ ನಹೀಂ.” ತಿನ್ನುವುದೂ ಇಲ್ಲ, ಬಿಡುವುದೂ ಇಲ್ಲ!

ಆ ಗುರುವಾರ ಬೆಳಿಗ್ಗೆ ನಮೂನೆ ತರಲು ನಾನೇ ಮೀನು ಮಂಡಿಗೆ ಹೋಗಿದ್ದೆ. ನಮಗೆ ಮಾಮೂಲಾಗಿ ಮೀನು ಕೊಡುತ್ತಿದ್ದ ಬಂಗಾಳಿ ವ್ಯಾಪಾರಿ ಬೇರೊಬ್ಬ ಗಿರಾಕಿಯೊಂದಿಗೆ ಮಾತಿಗಿಳಿದಿದ್ದ. ತೊಟ್ಟಿಯಲ್ಲಿ ಸಿಂಘಿ ಮೀನುಗಳು ಜೀವಂತವಾಗಿ ಹರಿದಾಡುತ್ತಿದ್ದವು. ಸಿಂಘಿ ಎಂದರೆ ಮೀಸೆಯುಳ್ಳ, ಕಪ್ಪು ಬಣ್ಣದ, ನುಣುಪು ಮೀನು. ಅದರ ಎದೆಯ ಎರಡೂ ಬದಿಗೆ ವಿಷಮುಳ್ಳುಗಳಿರುತ್ತವೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ವರದಿಗಳಲ್ಲಿ ಬರೆದೂ ಇದ್ದೆ. ಆದರೆ ಬದುಕಿರುವ ಸಿಂಘಿಯನ್ನು ಅದುವರೆಗೆ ಮುಟ್ಟಿರಲಿಲ್ಲ. ಪ್ರತಿ ಸಲವೂ ವ್ಯಾಪಾರಿ ಬಲೆಯಿಂದೆತ್ತಿ ಚೀಲಕ್ಕೆ ಹಾಕುತ್ತಿದ್ದ. ಅಂದು ಆತುರವಿತ್ತು, ಕೈಗವಸು ಕಾರಿನಲ್ಲಿತ್ತು. ತೊಟ್ಟಿಗೆ ಕೈಹಾಕಿ, ಬುಟ್ಟಿಯಿಂದ ಹೀರೇಕಾಯಿ ಎತ್ತುವ ಹಾಗೆ ಒಂದನ್ನು ನಡುವಿಗೆ ಹಿಡಿದು ಎತ್ತಿಬಿಟ್ಟೆ.

ಬಲ ಅಂಗೈಯಲ್ಲಿ, ಕಿರುಬೆರಳಿನ ಬುಡಕ್ಕೆ ಮುಳ್ಳು ಇಳಿಯಿತು. ಕೂಗಿದೆ. ಮೀನು ನೆಲಕ್ಕೆ ಬಿತ್ತು. ಪಕ್ಕದ ಅಂಗಡಿಯವನು ನಕ್ಕು, “ಅರೇ, ದೀದಿ ನೇ ತೋ ಲೌಕಿ ಸಮಝ್ ಕೇ ಪಕಡ್ ಲಿಯಾ!” ಎಂದ. ಸೋರೆಕಾಯಿ ಎಂದುಕೊಂಡು ಹಿಡಿದರಂತೆ! ಸುತ್ತಲಿನವರೆಲ್ಲ ನಕ್ಕರು. ನಮ್ಮ ವ್ಯಾಪಾರಿ ಮಾತ್ರ ನಗಲಿಲ್ಲ. ರಕ್ತ ಹಿಂಡಿ ತೆಗೆದು, ಕೈ ತೊಳೆಸಿ, “ದೀದಿ, ಆಜ್ ಹೀ ಡಾಕ್ಟರ್ ಕೋ ದಿಖಾನಾ. ಸಿಂಘಿ ಕಾ ಘಾವ್ ಸಡ್ತಾ ಹೈ” ಎಂದ. ಈ ಗಾಯ ಕೊಳೆಯುತ್ತದೆ, ಇವತ್ತೇ ತೋರಿಸಿ ಎಂಬ ಅವನ ಮಾತಿಗೆ “ಅಚ್ಛಾ, ಅಚ್ಛಾ” ಎಂದು ತಲೆಯಾಡಿಸಿ, ಅದೇ ಮೀನನ್ನು ಚೀಲಕ್ಕೆ ಹಾಕಿಸಿಕೊಂಡು ಹೊರಟೆ. ಕೈ ಉರಿಯುತ್ತಿತ್ತು, ಮುಖ ಅದಕ್ಕಿಂತ ಉರಿಯುತ್ತಿತ್ತು. ಆ ಗಡಿಬಿಡಿಯಲ್ಲಿ ಚೀಟಿಯ ಮೇಲೆ ನಮೂನೆಯ ಸಂಖ್ಯೆ ಬರೆದೆ, ದಿನಾಂಕ ಬರೆಯಲಿಲ್ಲ.

ದಿನಾಂಕವಿಲ್ಲದ ನಮೂನೆ ನಮೂನೆಯೇ ಅಲ್ಲ ಎಂಬುದು ನಾನೇ ಮಾಡಿದ ನಿಯಮ. ಅದಕ್ಕಾಗಿ ಎಷ್ಟೋ ಜನರನ್ನು ಗದರಿದ್ದೆ. ಕೆಲಸದ ವೇಳೆ ಚಿಕ್ಕ ಗಾಯವಾದರೂ ಅವಘಡದ ರಿಜಿಸ್ಟರಿನಲ್ಲಿ ಬರೆಯಬೇಕು ಎಂಬುದೂ ನನ್ನದೇ ನಿಯಮ. ಶುಕ್ರವಾರ ಬೆಳಿಗ್ಗೆ ಸತ್ಪಾಲ್ ಜೀ ಆ ಮೀನಿನಿಂದ ಬ್ಯಾಕ್ಟೀರಿಯಾ ಬೆಳೆದಿದ್ದ ಗಾಜಿನ ತಟ್ಟೆಯನ್ನೂ ಚೀಟಿಯನ್ನೂ ನನ್ನ ಮುಂದಿಟ್ಟರು.

“ತಾರೀಖ್ ರಹ್ ಗಯೀ ಹೈ, ಮೇಡಂ ಜೀ. ಕಲ್ ಹೀ ತೋ ಲಾಯೀ ಥೀಂ. ಲಿಖ್ ದೂಂ?” ದಿನಾಂಕ ಬಿಟ್ಟುಹೋಗಿದೆ, ನಿನ್ನೆ ತಾನೇ ತಂದದ್ದು, ಬರೆದುಬಿಡಲೇ ಎಂದು ಕೇಳಿದರು.

“ಬೇಡ. ನಿಯಮ ಎಲ್ಲರಿಗೂ ಒಂದೇ. ಎಸೆದುಬಿಡಿ” ಎಂದು ಹಿಂದಿಯಲ್ಲಿ ಹೇಳಿದೆ.

ಕೇಳುವವರಿಗೆ ಅದು ಶಿಸ್ತಿನಂತೆ ಕಾಣಿಸುತ್ತದೆ. ನಿಜ ಬೇರೆ. ಆ ನಮೂನೆ ಉಳಿದರೆ ಅದರ ಜೊತೆಗೆ ನನ್ನ ಅವಘಡವನ್ನೂ ದಾಖಲಿಸಬೇಕಿತ್ತು. ಹೀರೇಕಾಯಿಯಂತೆ ಮೀನು ಹಿಡಿದ ಕಥೆ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರದಲ್ಲಿ ಇರುವುದು ನನಗೆ ಬೇಕಿರಲಿಲ್ಲ.

ಸತ್ಪಾಲ್ ಜೀ ನನ್ನ ಕೈಯ ಬಟ್ಟೆಯ ಕಟ್ಟು ನೋಡಿ, “ಹಾಥ್ ಕೋ ಕ್ಯಾ ಹುವಾ?” ಎಂದು ಕೈಗೇನಾಯಿತೆಂದು ಕೇಳಿದರು. ತರಕಾರಿ ಹೆಚ್ಚುವಾಗ ಕೊಯ್ದುಕೊಂಡೆ ಎಂದೆ.

ಮನೆಯಲ್ಲೂ ಅದೇ ಸುಳ್ಳು ಹೇಳಿದೆ. ಪತಿ ಕಚೇರಿಯ ಕೆಲಸದ ಮೇಲೆ ಗುವಾಹಟಿಗೆ ಹೋಗಿದ್ದರು. ಮನೆಯಲ್ಲಿದ್ದವಳು ಶುಭಾ ಒಬ್ಬಳೇ. ಕಪಾಟಿನಲ್ಲಿ ಹಿಂದೆಂದೋ ಉಳಿದಿದ್ದ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯಾಟಿಕ್ ಮಾತ್ರೆಗಳಿದ್ದವು. ವೈದ್ಯರನ್ನು ಕೇಳದೆ ಉಳಿದ ಮಾತ್ರೆ ನುಂಗಬೇಡಿ ಎಂದು ಸಭೆಗಳಲ್ಲಿ ಉಪನ್ಯಾಸ ಕೊಟ್ಟ ನಾನು ಅವನ್ನೇ ನುಂಗಿದೆ. ಶನಿವಾರ ಕೈ ಊದಿತು. ಭಾನುವಾರ ಬೆಳಗಾಗುವಾಗ ಗಾಯದ ಸುತ್ತ ಕಪ್ಪು ಬೊಕ್ಕೆ ಎದ್ದು, ಮೊಣಕೈವರೆಗೆ ಕೆಂಪು ಗೆರೆ ಏರಿತ್ತು. ಜ್ವರದಿಂದ ಹಲ್ಲು ಕಟಕಟಿಸುತ್ತಿತ್ತು.

“ಅಮ್ಮಾ, ಯೇ ನಾರ್ಮಲ್ ನಹೀಂ ಹೈ. ಏಳು. ಅಭೀ ಚಲೋ!” ಎಂದು, ಈಗಲೇ ಹೊರಡಬೇಕೆಂದು ಹಟ ಹಿಡಿದು ಶುಭಾ ನನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿ ಹೇಗಾಯಿತೆಂದು ಕೇಳಿದಾಗ ಅವಳೇ ಮುಂದಾಗಿ, “ಕಿಚನ್ ನೈಫ್” ಎಂದಳು. ನಾನು ತಿದ್ದಲಿಲ್ಲ. ಚಾಕುವಿನ ಗಾಯಕ್ಕೆ ಯಾವ ಔಷಧಿಯೋ ಆ ಚುಚ್ಚುಮದ್ದು ಶುರುವಾಯಿತು. ಗಾಯದ ಕೀವನ್ನು ಪರೀಕ್ಷೆಗೆ ಕಳಿಸಿದರು. ಫಲಿತಾಂಶಕ್ಕೆ ಎರಡು ದಿನ ಬೇಕೆಂದರು.

ಸೋಮವಾರ ಬೆಳಿಗ್ಗೆ ಕೆಂಪು ಗೆರೆ ಮೊಣಕೈ ದಾಟಿತ್ತು. ಯುವ ವೈದ್ಯೆ ನನ್ನ ಪಕ್ಕ ಕುಳಿತು ಮುಚ್ಚುಮರೆಯಿಲ್ಲದೆ ಹೇಳಿದರು: “ನಾಳೆಯವರೆಗೆ ಕಾಯುತ್ತೇವೆ. ಇಳಿಯದಿದ್ದರೆ ಸರ್ಜರಿ. ಬೆರಳುಗಳಷ್ಟಕ್ಕೇ ನಿಲ್ಲುತ್ತದೆ ಎಂದು ಹೇಳಲಾರೆ.” ಬಲಗೈ ಹೋಗಬಹುದು ಎಂಬ ಮಾತನ್ನು ನಾನು ಇಂಗ್ಲಿಷಿನಲ್ಲಿ ಕೇಳಿಸಿಕೊಂಡು ಕನ್ನಡದಲ್ಲಿ ಅರ್ಥ ಮಾಡಿಕೊಂಡೆ. ಶುಭಾ ಗೋಡೆಯ ಕಡೆ ತಿರುಗಿ ನಿಂತಳು.

ನನ್ನ ರಜೆಯ ವಿಷಯ ತಿಳಿಸಲು ಅವಳು ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಸತ್ಪಾಲ್ ಜೀ ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಅವರ ಊಟದ ಸ್ಟೀಲ್ ಡಬ್ಬಿ. ಊಟ ತಂದಿದ್ದಾರೆಂದುಕೊಂಡೆ. ಮುಚ್ಚಳ ತೆಗೆದರೆ ಒಳಗೆ ಎರಡು ಸುತ್ತು ಅಂಟುಪಟ್ಟಿ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿಟ್ಟ ಗಾಜಿನ ತಟ್ಟೆ!

“ಎಸೆಯಿರಿ ಎಂದಿದ್ದೆನಲ್ಲ?” ಎಂದೆ.

“ಸಬ್ಜೀ ಕಾಟ್ತೇ ಸಮಯ್ ಬಾಯಾಂ ಹಾಥ್ ಕಟ್ತಾ ಹೈ, ಮೇಡಂ ಜೀ. ಆಪ್ ಕಾ ತೋ ದಾಯಾಂ ಹೈ” ಎಂದರು ಅವರು ಮೆಲ್ಲಗೆ. ತರಕಾರಿ ಹೆಚ್ಚುವಾಗ ಕೊಯ್ಯುವುದು ಎಡಗೈ, ನಿಮಗಾಗಿರುವುದು ಬಲಗೈಗೆ. ಜೊತೆಗೆ ಚೀಟಿಯ ಮೇಲೆ ರಕ್ತದ ಕಲೆಯಿತ್ತು. ಅನುಮಾನ ಬಂದು ತಟ್ಟೆಯನ್ನು ಉಳಿಸಿಕೊಂಡಿದ್ದರು. ಶನಿವಾರ ಸರದಿ ಕೆಲಸಕ್ಕೆ ಬಂದಾಗ ಆ ಬ್ಯಾಕ್ಟೀರಿಯಾವನ್ನು ಹೊಸ ತಟ್ಟೆಯಲ್ಲಿ ಹರಡಿ, ಮೇಲೆ ಬೇರೆ ಬೇರೆ ಔಷಧಿಯ ಬಿಲ್ಲೆಗಳನ್ನಿಟ್ಟಿದ್ದರು. ಭಾನುವಾರ ರಜೆಯಿದ್ದರೂ ಬಂದು ಅಳೆದು ಬರೆದಿದ್ದರು. ಈಗ ಡಬ್ಬಿಯಲ್ಲಿ ತಂದದ್ದು ಆ ಹೊಸ ತಟ್ಟೆಯನ್ನು.

ವೈದ್ಯೆ ಬಂದರು. “ಮೀನಿನ ರಿಪೋರ್ಟ್ ನೋಡಿ ಪೇಷಂಟ್‌ಗೆ ಔಷಧಿ ಬದಲಿಸಲೇ?” ಎಂದು ಹುಬ್ಬೇರಿಸಿದರು.

“ಜಿಸ್ ನೇ ಕಾಂಟಾ ಮಾರಾ, ಉಸೀ ಮಛಲೀ ಕಾ ಹೈ ಜೀ” ಎಂದರು ಸತ್ಪಾಲ್ ಜೀ. ಚುಚ್ಚಿದ ಮೀನಿನದೇ ವರದಿ.

ವೈದ್ಯೆ ನನ್ನತ್ತ ತಿರುಗಿದರು. “ಚಾಕು ಎಂದಿದ್ದಿರಿ?”

ಮೂವರೂ ನನ್ನ ಮುಖ ನೋಡುತ್ತಿದ್ದರು. ನಾನು ಹೇಳಿದೆ: ತೊಟ್ಟಿಗೆ ಕೈ ಹಾಕಿದ್ದು, ಕೈಗವಸಿಲ್ಲದ್ದು, ಮುಚ್ಚಿಟ್ಟದ್ದು, ಮಾತ್ರೆ ನುಂಗಿದ್ದು, ಎಲ್ಲವನ್ನೂ. ಶುಭಾ, “ಅಮ್ಮಾ! ನೀನಾ?” ಎಂದಳು. ವೈದ್ಯೆ ಬೈಯಲಿಲ್ಲ. ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಾನು ನುಂಗಿದ್ದ ಔಷಧಿಯ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿತ್ತು. ಆಸ್ಪತ್ರೆಯಲ್ಲಿ ಕೊಡುತ್ತಿದ್ದುದರ ಸುತ್ತಲೂ ಹಾಗೆಯೇ. ಅಮಿಕಾಸಿನ್ ಎಂಬ ಔಷಧಿಯ ಸುತ್ತ ಮಾತ್ರ ಬ್ಯಾಕ್ಟೀರಿಯಾ ಬೆಳೆಯದ ತಿಳಿಯಾದ ವೃತ್ತವಿತ್ತು.

“ನಿಮಗೆ ಸಕ್ಕರೆ ಕಾಯಿಲೆಯಿದೆ. ಈ ಔಷಧಿ ಕಿಡ್ನಿಗೆ ತೊಂದರೆ ಮಾಡಬಹುದು” ಎಂದ ವೈದ್ಯೆ ಹಿರಿಯ ವೈದ್ಯರೊಂದಿಗೆ ಮಾತಾಡಿ ಬಂದರು. “ದಿನವೂ ರಕ್ತ ಪರೀಕ್ಷೆ ಮಾಡುತ್ತಾ ಕೊಡೋಣ. ಈಗಲೇ ಶುರು.”

ಮಂಗಳವಾರ ಗೆರೆ ಏರಲಿಲ್ಲ. ಅಂದು ಸಂಜೆ ಆಸ್ಪತ್ರೆಯ ವರದಿಯೂ ಬಂತು. ಅದೇ ಬ್ಯಾಕ್ಟೀರಿಯಾ, ಅದೇ ಔಷಧಿ. ಬುಧವಾರ ಗೆರೆ ಮೊಣಕೈಯಿಂದ ಕೆಳಗಿಳಿಯಿತು. ಸತ್ತ ಮಾಂಸವನ್ನು ತೆಗೆಯಲು ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿದರು. ಬೆರಳೊಂದೂ ಹೋಗಲಿಲ್ಲ. ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ, ಅಷ್ಟೇ.

ಕೆಲಸಕ್ಕೆ ಮರಳಿದ ದಿನ ಮೊದಲು ಅವಘಡದ ರಿಜಿಸ್ಟರ್ ತರಿಸಿ, ಕಾರಣದ ಕಾಲಮಿನಲ್ಲಿ “ಸ್ವಂತ ಅಜಾಗರೂಕತೆ; ನಂತರ ಮುಚ್ಚಿಟ್ಟದ್ದು” ಎಂದು ಸೊಟ್ಟ ಅಕ್ಷರಗಳಲ್ಲಿ ಬರೆದೆ. ಆಮೇಲೆ ಸತ್ಪಾಲ್ ಜೀಯವರನ್ನು ಕರೆದು ಕೇಳಿದೆ, ನನ್ನ ಮಾತು ಮೀರಲು ನಿಮಗೆ ಭಯವಾಗಲಿಲ್ಲವೇ ಎಂದು.

“ತಾರೀಖ್ ತೋ ಆಪ್ ಭೂಲೀ ಥೀಂ, ಮಛಲೀ ನೇ ಕ್ಯಾ ಬಿಗಾಡಾ ಥಾ?” ದಿನಾಂಕ ಮರೆತದ್ದು ನೀವು, ಮೀನೇನು ತಪ್ಪು ಮಾಡಿತ್ತು ಎಂದು ನಕ್ಕರು. ಆ ಡಬ್ಬಿ ಏನಾಯಿತು ಎಂದೆ. ಹೆಂಡತಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲವಂತೆ. ಮೀನಿನ ವಾಸನೆಗೆ ಮೂಗು ಕಟ್ಟಿಕೊಳ್ಳುತ್ತಿದ್ದ ಮನುಷ್ಯ, ತಾವು ಉಣ್ಣುವ ಡಬ್ಬಿಯಲ್ಲಿ ಆ ಮೀನಿನ ತಟ್ಟೆಯನ್ನು ಹೊತ್ತು ಬಸ್ಸಿನಲ್ಲಿ ಬಂದಿದ್ದರು.

ನಮ್ಮ ಅಧ್ಯಯನ ಮುಗಿದು ವರದಿ ಪ್ರಕಟವಾದಾಗ ಆ ನಮೂನೆಯನ್ನು ಯಾವ ಕೋಷ್ಟಕದಲ್ಲೂ ಸೇರಿಸಲಿಲ್ಲ. ಸಂಗ್ರಹಿಸಿದ ದಿನವೇ ದಾಖಲಾಗದ್ದನ್ನು ಸೇರಿಸುವುದು ತಪ್ಪು. ಇಂದಿಗೂ ನನ್ನ ನಿಲುವು ಅದೇ. ಹಾಗಾಗಿ ನನ್ನ ಕೈ ಉಳಿಸಿದ ಆ ಕೆಲಸಕ್ಕೆ ಎಲ್ಲಿಯೂ ದಾಖಲೆಯಿಲ್ಲ. ಆ ಕೊರತೆ ನನ್ನನ್ನು ಇಷ್ಟು ವರ್ಷ ಕಾಡಿದ್ದರಿಂದ ಇಲ್ಲಿ ಬರೆದಿದ್ದೇನೆ. ತಿಳಿದವರು ಮಾಡುವ ತಪ್ಪನ್ನು ತಿದ್ದಲು ಅವರಿಗಿಂತ ಹೆಚ್ಚು ತಿಳಿದವರೇ ಬೇಕಾಗಿಲ್ಲ. ಅವರ ಸುಳ್ಳನ್ನು ನಂಬದೆ, ಅವರ ಮೇಲಿನ ಕಾಳಜಿಯನ್ನೂ ಬಿಡದೆ ಇರುವ ಒಬ್ಬರು ಹತ್ತಿರವಿದ್ದರೆ ಸಾಕು. ನನಗೆ ಅಂಥವರು ಸಿಕ್ಕಿದ್ದರು.

ಸತ್ಪಾಲ್ ಜೀ ನಿವೃತ್ತರಾಗಿ ಬಹಾದೂರ್‌ಗಢದಲ್ಲೇ ಇದ್ದಾರೆ. ಮುಂದಿನ ಭಾನುವಾರ ಫೋನ್ ಮಾಡಿ ಇದನ್ನೆಲ್ಲ ಹಿಂದಿಯಲ್ಲಿ ಓದಿ ಹೇಳಬೇಕೆಂದಿದ್ದೇನೆ. “ಇತ್ನೀ ಸೀ ಬಾತ್, ಮೇಡಂ ಜೀ” ಎನ್ನುತ್ತಾರೆ, ಗೊತ್ತು. ಇಷ್ಟೇ ವಿಷಯ ಎಂದು ಅವರು ಅನ್ನಲಿ. ನಾನು ಪೂರ್ತಿ ಓದಿಯೇ ಫೋನ್ ಇಡುತ್ತೇನೆ.